ಆನೆ ಹಿಡಿಸದ ವೃತ್ತ

ತೊರೆದೊಡ್ಡಿ, ಹನೂರು ತಾಲ್ಲೂಕು
8 ಜನವರಿ 2025

ಪ್ರಿಯ ರಂಜು,

ಇದನ್ನೆಲ್ಲ ಫೋನಿನಲ್ಲಿ ಹೇಳಲು ಆಗುವುದಿಲ್ಲ. ನಿನ್ನ ಲಡಾಖಿನ ಬೆಟ್ಟದಲ್ಲಿ ಸಿಗ್ನಲ್ ಇದ್ದಾಗ ಇಲ್ಲಿರುವುದಿಲ್ಲ. ಇಲ್ಲಿ ಸಿಗುವುದು ಬಸ್ ಸ್ಟಾಪಿನ ಮರದ ಕೆಳಗೆ ಮಾತ್ರ. ಅಲ್ಲಿ ನಾನು ಫೋನ್ ಕಿವಿಗಿಟ್ಟರೆ ನಾಲ್ಕು ಜನ ಬೀಡಿ ಆರಿಸಿ ಕೇಳಿಸಿಕೊಳ್ಳಲು ಕೂರುತ್ತಾರೆ. ಕೊಳ್ಳೇಗಾಲದ ಕಾಲೇಜಿನಲ್ಲಿ ಬೆಂಚಿನ ಕೆಳಗೆ ಚೀಟಿ ದಾಟಿಸುತ್ತಿದ್ದ ಹಾಗೆ ಪತ್ರವೇ ವಾಸಿ.

ನಮ್ಮ ಶಾಲೆಗೆ ಟೆಲಿಸ್ಕೋಪ್ ಬಂದಿದೆ. ಈಗಲೇ ಕುಣಿಯಬೇಡ. ಕೊಟ್ಟವನು ಗುರುಪ್ರಕಾಶ್ ಅಂತ, ಊರಾಚೆ ಅರಿಶಿನದ ತೋಟ, ತಾರಸಿ ಹಾಕಿದ ತೋಟದ ಮನೆ, ಪೇಟೆಯಲ್ಲಿ ಮಂಡಿ ಇರುವವನು. ಡಬ್ಬಿಯ ಮೇಲೆ ದೊಡ್ಡ ಅಕ್ಷರದಲ್ಲಿ ‘675 ಪಟ್ಟು’ ಎಂದಿದೆ. ಮೊನ್ನೆ ಸಂಜೆ ಅದರ ಸಮಾರಂಭ. ಕೊಳವೆಗೆ ಚೆಂಡುಹೂವಿನ ಹಾರ, ಹೊಟ್ಟೆಗೆ ವಿಭೂತಿ ಪಟ್ಟೆ. ಮಂಗಳಾರತಿ ಎತ್ತಿದಾಗ ಕರ್ಪೂರದ ಮಸಿ ಒಳಗಿನ ಕನ್ನಡಿಗೆ ಬಡಿಯದಿರಲಿ ಎಂದು ನಾನು ಕೈ ಅಡ್ಡ ಹಿಡಿದೆ. “ಏನ್ರೀ ಮಿಸ್ಸು, ದೇವ್ರ ಮಂಗ್ಳಾರ್ತಿಗೇ ಕೈ ಅಡ್ಡ ಇಡೀತೀರಾ?” ಎಂದು ಗುರುಪ್ರಕಾಶ್ ನಕ್ಕ. ಎಲೆಅಡಿಕೆ ರಸವನ್ನು ಸ್ಟ್ಯಾಂಡಿನ ಕಾಲ ಬುಡಕ್ಕೇ ಉಗಿದ.

ಕಣ್ಣಿಡುವ ಗಾಜು, ಆ ಐಪೀಸನ್ನೂ ಅವನೇ ಹಾಕಿದ. ಡಬ್ಬಿಯಲ್ಲಿ ಇದ್ದದ್ದು ನಾಲ್ಕು ಮಿಲಿಮೀಟರಿನದು ಒಂದೇ, ಜೊತೆಗೆ ಅದನ್ನು ಮೂರು ಪಟ್ಟು ಮಾಡುವ ಒಂದು ಕೊಳವೆ. ಎರಡನ್ನೂ ಸಿಕ್ಕಿಸಿ, “ದೊಡ್ಡದಾಗಿ ಕಾಣ್ಲಿ” ಎಂದ. ನೆತ್ತಿಯ ಮೇಲೆ ಅರ್ಧಚಂದ್ರ. ಮಕ್ಕಳು ಸಾಲಾಗಿ ಬಂದು ಕಣ್ಣಿಟ್ಟು, “ಏನೂ ಕಾಣ್ತಿಲ್ಲ ಮಿಸ್” ಎನ್ನುತ್ತಾ ಹೋದವು. ಒಬ್ಬಳಿಗೆ ಸುಣ್ಣ ಬಳಿದಂತೆ ಏನೋ ಬೆಳ್ಳಗೆ ಕಂಡು ಜಾರಿಹೋಯಿತಂತೆ. ಗುರುಪ್ರಕಾಶ್ ಮೈಕಿನಲ್ಲಿ, “ಯಂತ್ರ ಸರ್ಯಾಗದೆ. ಮಿಸ್ಸಿಗೆ ಟ್ರೈನಿಂಗ್ ಸಾಲ್ದು” ಎಂದ. ಮೊದಲು ನಕ್ಕದ್ದು ನಮ್ಮ ಹೆಡ್ಮೇಷ್ಟ್ರು ಕೆಂಪನಂಜಪ್ಪ.

ನೀನು ಅಲ್ಲಿನ ವೀಕ್ಷಣಾಲಯದಲ್ಲಿ ದಿನವೂ ಇಂಥವುಗಳ ಜೊತೆ ಇರುವವಳು. 675 ಪಟ್ಟು ದೊಡ್ಡದು ಮಾಡುವ ಯಂತ್ರದಲ್ಲಿ ಚಂದ್ರ ಯಾಕೆ ಸಿಗಲಿಲ್ಲ?

ನಿನ್ನ
ನಾಗಶ್ರೀ


ಲಡಾಖ್
27 ಜನವರಿ 2025

ನಾಗು,

ನಿನ್ನ ಪತ್ರವನ್ನು ಊಟದ ಮನೆಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ. ಕ್ಷಮಿಸು. ವಿಭೂತಿ ಪಟ್ಟೆ ಬಳಿದ ಟೆಲಿಸ್ಕೋಪನ್ನು ಇಲ್ಲಿ ಯಾರೂ ನೋಡಿಲ್ಲ.

ಈಗ ಪಾಠ. ಐಪೀಸಿನೊಳಗೆ ಒಂದು ಬೆಳಕಿನ ವೃತ್ತ ಕಾಣುತ್ತದಲ್ಲ, ಅದಕ್ಕೊಂದು ಅಗಲವಿದೆ. ನಿನ್ನ ನಾಲ್ಕು ಮಿಲಿಮೀಟರಿನದರಲ್ಲಿ ಸುಮಾರು ನಲವತ್ತು ಡಿಗ್ರಿ. ಅದು ಕಣ್ಣಿಗೆ ತೋರುವ ಅಗಲ. ನಿಜವಾಗಿ ಆಕಾಶದ ಎಷ್ಟು ಭಾಗ ಅದರೊಳಗೆ ಹಿಡಿಸಿದೆ ಎಂದು ತಿಳಿಯಬೇಕಾದರೆ ಆ ನಲವತ್ತನ್ನು ವರ್ಧನೆಯಿಂದ ಭಾಗಿಸಬೇಕು. ನಿನ್ನ ಕನ್ನಡಿಯ ಸಂಗಮದೂರ (ಫೋಕಲ್ ಲೆಂಗ್ತ್) 900 ಮಿಲಿಮೀಟರ್ ಇರಬೇಕು. ಅದನ್ನು ನಾಲ್ಕರಿಂದ ಭಾಗಿಸಿದರೆ 225 ಪಟ್ಟು. ನಲವತ್ತನ್ನು 225ರಿಂದ ಭಾಗಿಸು: ಡಿಗ್ರಿಯ ಐದನೇ ಒಂದು ಪಾಲೂ ಇಲ್ಲ. ಚಂದ್ರನೇ ಅರ್ಧ ಡಿಗ್ರಿ ಇದ್ದಾನೆ! ಅದರ ಮೇಲೆ ಮೂರು ಪಟ್ಟಿನ ಕೊಳವೆ ಬೇರೆ. ಚಂದ್ರನ ಅಗಲದ ಎಂಟನೇ ಒಂದು ಚೂರು ಮಾತ್ರ ಒಳಗೆ ಬಂದಿರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದೂ ಕ್ಷಣದಲ್ಲಿ ಜಾರಿಹೋಗುತ್ತದೆ. ಹೆಚ್ಚು ದೊಡ್ಡದು ಮಾಡಿದಷ್ಟೂ ಕಡಿಮೆ ಕಾಣುತ್ತದೆ. ಡಬ್ಬಿ ಮಾರುವವರು ಇದನ್ನು ಹೇಳುವುದಿಲ್ಲ.

ನನ್ನ ಸ್ವಂತದ 32 ಮಿಲಿಮೀಟರ್ ಐಪೀಸ್ ಕಳಿಸುತ್ತಿದ್ದೇನೆ. ಬರೀ 28 ಪಟ್ಟು, ಇದರ ವೃತ್ತ ಐವತ್ತು ಡಿಗ್ರಿ ಅಗಲ. ಆದರೆ ಮೂರು ಚಂದ್ರರನ್ನು ಪಕ್ಕಪಕ್ಕ ಇಟ್ಟರೂ ಹಿಡಿಸುತ್ತದೆ. ಮೊದಲು ಅಗಲದ್ದರಲ್ಲಿ ಹುಡುಕು, ವೃತ್ತದ ನಡುವಿಗೆ ತಂದುಕೋ, ಆಮೇಲೆ ಬೇಕಿದ್ದರೆ ಚಿಕ್ಕದು ಹಾಕು. ತಲೆಕೆಳಗಾಗಿ ಕಾಣುತ್ತದೆ, ಹೆದರಬೇಡ. ಆಕಾಶಕ್ಕೆ ಮೇಲೆ ಕೆಳಗೆ ಇಲ್ಲ.

ಶಿವರಂಜನಿ


ತೊರೆದೊಡ್ಡಿ
20 ಫೆಬ್ರವರಿ 2025

ರಂಜು,

ನಿನ್ನ ಐಪೀಸ್ ಬಂತು. ಹುಣ್ಣಿಮೆಯ ಸಂಜೆ ಶಾಲೆಯ ಅಂಗಳದಲ್ಲಿ ಇಡೀ ಚಂದ್ರ ಒಂದೇ ವೃತ್ತದಲ್ಲಿ, ಸುತ್ತ ಇನ್ನೂ ಜಾಗ! ಬಿಸಿಯೂಟದ ದೊಡ್ಡಮಾದಮ್ಮ ಕೈ ಒರೆಸಿಕೊಂಡು ಬಂದು ನೋಡಿ, “ಅಯ್ಯೋ, ಇದೇನವ್ವ, ಮೊಕದ ತುಂಬ ಸಿಡುಬಿನ ಕಲೆ!” ಎಂದರು. ಅವರ ಸೊಸೆ ಕುಸುಮ ಗುರುಪ್ರಕಾಶನ ತೋಟಕ್ಕೇ ಅರಿಶಿನ ಕೀಳಲು ಹೋಗುವವಳು. ಅತ್ತೆಯನ್ನು ತಳ್ಳಿ ತಳ್ಳಿ ಮೂರು ಸಲ ನೋಡಿದಳು. ಹುಣ್ಣಿಮೆ ಕಳೆದ ಮೇಲೆ ಕೃತ್ತಿಕೆ ತೋರಿಸಿದೆ. ಬರಿಗಣ್ಣಿಗೆ ಆರೇ ಕಾಣುವಲ್ಲಿ ಚೆಲ್ಲಿದ ಅಕ್ಕಿಯಂತೆ ನಕ್ಷತ್ರಗಳು. ನಾನು ಟೀಚರಾಗಿದ್ದಕ್ಕೆ ಮೊದಲ ಸಲ ಸಂತೋಷವಾಯಿತು.

ಸುದ್ದಿ ಕೇಳಿ ಗುರುಪ್ರಕಾಶ್ ಬಂದ. ನೆಂಟರು ಬರುತ್ತಾರೆ, ಎರಡು ದಿನ ತೋಟದ ಮನೆಗೆ ಬೇಕು ಎಂದ. ನನ್ನನ್ನು ಕೇಳುವ ಮೊದಲೇ ಹೆಡ್ಮೇಷ್ಟ್ರು ಹೊರಿಸಿಯೂ ಆಗಿತ್ತು. ಐಪೀಸ್ ಬದಲಾಯಿಸುವುದನ್ನು ನಾನೇ ಹೇಳಿಕೊಟ್ಟೆ, ನಿನ್ನ ಮಾತಿನಲ್ಲೇ. ಗಮನವಿಟ್ಟು ಕೇಳಿದ. ಕಲಿಯುವ ಆಸೆಯಾದರೂ ಇದೆಯಲ್ಲ ಅಂದುಕೊಂಡೆ.

ನಾಗು


ಲಡಾಖ್
12 ಮಾರ್ಚ್ 2025

ನಾಗು,

ಇಲ್ಲಿ ಹಿಮ ಬಿದ್ದು ದಾರಿ ಕಟ್ಟಿತ್ತು, ಪತ್ರ ತಡವಾಗಿ ಸಿಕ್ಕಿತು. ಸಿಡುಬಿನ ಕಲೆ ಎಂದ ಅಜ್ಜಿಗೆ ನನ್ನ ನಮಸ್ಕಾರ. ಆ ಗುರುಪ್ರಕಾಶನ ಮೇಲೆ ಹೆಚ್ಚು ಮುನಿಸು ಬೇಡ. ಉಗುಳುವವರಿಗೂ ಆಕಾಶ ಇದೆ. ರಾತ್ರಿ ತಡಕಾಡುವ ಬದಲು ಹಗಲಲ್ಲಿ ದೂರದ ಬಂಡೆ, ಮರ ಹಿಡಿದು ಅಭ್ಯಾಸ ಮಾಡಲಿ ಎಂದು ಹೇಳು. ಕೈ ಪಳಗುತ್ತದೆ.

ರಂಜನಿ


ತೊರೆದೊಡ್ಡಿ
17 ಮಾರ್ಚ್ 2025

ರಂಜು,

ಆ ಐಪೀಸನ್ನು ನೀನು ಕಳಿಸಬಾರದಿತ್ತು.

ಎರಡು ದಿನಕ್ಕೆಂದು ಹೋದ ಟೆಲಿಸ್ಕೋಪ್ ತಿಂಗಳಾಗುತ್ತ ಬಂದರೂ ವಾಪಸ್ ಬರಲಿಲ್ಲ. ನಿನ್ನೆ ಭಾನುವಾರ ಬೆಳಿಗ್ಗೆ ನಾನೇ ತೋಟದ ಮನೆಗೆ ಹೋದೆ. ಗುರುಪ್ರಕಾಶನ ತಾಯಿ ಚನ್ನಮಲ್ಲಮ್ಮ ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. “ತಾರಸಿ ಮ್ಯಾಲದೆ, ಓಗಿ ತಕಳವ್ವ. ಅವ್ನು ಈಗ್ತಾನೆ ಮೋಟ್ರು ಆಪ್ ಮಾಡಕ್ಕೆ ಎದ್ದೋದ” ಎಂದರು.

ಮೇಲೆ ಒಂದು ಪ್ಲಾಸ್ಟಿಕ್ ಕುರ್ಚಿ. ಕೆನೆ ಕಟ್ಟಿದ ಟೀ ಲೋಟ. ಅರ್ಧ ತಿಂದ ಬಿಸ್ಕೆಟ್ ಪೊಟ್ಟಣಕ್ಕೆ ಇರುವೆ ಹತ್ತಿತ್ತು. ಕೊಳವೆ ಆಕಾಶಕ್ಕೆ ಇರಲಿಲ್ಲ, ಗೋಡೆಯ ಮೇಲಿಂದ ಕೆಳಕ್ಕೆ ಬಾಗಿತ್ತು. ನಿನ್ನ ಐಪೀಸ್ ಮುಚ್ಚಳವಿಲ್ಲದೆ ಗೋಡೆಯ ಮೇಲೆ ಬಿದ್ದಿತ್ತು. ಕೊಳವೆಯಲ್ಲಿ ಇದ್ದದ್ದು ನಾಲ್ಕು ಮಿಲಿಮೀಟರಿನದು. ಕೈ ತಾಗಿಸದೆ ಬಗ್ಗಿ ಕಣ್ಣಿಟ್ಟೆ.

ಮೊದಲು ಏನೆಂದು ತಿಳಿಯಲಿಲ್ಲ. ನೀರು ಮೇಲಕ್ಕೆ ಸುರಿಯುತ್ತಿತ್ತು. ಒಂದು ಕೈ, ಹಸಿರು ಬಳೆ, ಒದ್ದೆ ಕೂದಲು, ಬರಿಯ ಭುಜ. ಭುಜ ತಿರುಗಿತು. ಕುಸುಮ. ತಲೆಕೆಳಗಾಗಿ ನಿಂತು ನನ್ನನ್ನೇ ನೋಡಿದಂತಿತ್ತು. ತೊರೆಯಲ್ಲಿ ಬಟ್ಟೆ ಒಗೆಯುವ ಕಲ್ಲಿದೆ, ಹೊಂಗೆಮರಗಳ ಮರೆ. ಹೆಂಗಸರು ಅಲ್ಲೇ ಒಗೆದು ಅಲ್ಲೇ ಮೀಯುತ್ತಾರೆ. ಕಣ್ಣು ತೆಗೆದು ನೋಡಿದರೆ ಅಲ್ಲಿ ಬರೀ ಹಸಿರು, ಒಂದು ಬಿಳಿ ಚುಕ್ಕೆ.

ಕೊಳವೆಯಿಂದ ಹಿಂದಕ್ಕೆ ಸರಿದೆ.

ಅವನು ಹತ್ತಿ ಬಂದ. ಮುಖದಲ್ಲಿ ಏನೂ ಇಲ್ಲ. “ಆನೆ ನೋಡ್ತಿದ್ದೆ ಮಿಸ್. ಕಂದಕ ದಾಟ್ಕಂಡು ಬತ್ತವೆ. ತ್ವಾಟ ಕಾಯ್ಬೇಕಲ್ವಾ?” ಎಂದ. ಹೇಳುತ್ತಲೇ ಐಪೀಸನ್ನು ಅಂಗಿಯ ತುದಿಯಿಂದ ಒರೆಸಿದ, ಊಟ ಮಾಡಿ ಬಾಯಿ ಒರೆಸಿಕೊಳ್ಳುವ ಹಾಗೆ. ಆ ಒರೆಸುವುದನ್ನು ನೆನೆದರೆ ಈಗಲೂ ಮೈ ತೊಳೆದುಕೊಳ್ಳಬೇಕು ಅನ್ನಿಸುತ್ತದೆ. “ಮೊದಲು ಅಗಲದ್ದರಲ್ಲಿ ಹುಡುಕಿ” ಎಂದು ಅವನಿಗೆ ಹೇಳಿಕೊಟ್ಟವಳು ನಾನು.

ತಾರಸಿಯಿಂದ ಕಲ್ಲಿಗೆ ನಾನೂರು ಮೀಟರ್ ಇರಬಹುದು. ಕಾಡಿನ ಕಂದಕ ಅದೇ ಕಡೆ, ಎಡಕ್ಕೆ, ಇನ್ನೂ ಹಿಂದೆ. ಅವನು ಹೇಳುವುದು ಸಾಧ್ಯವೇ? ಮುಖದ ಗುರುತು ಎಷ್ಟು ಸಿಗುತ್ತದೆ? ಬೇಗ ಬರೆ.

ನಾಗು


ಲಡಾಖ್
3 ಏಪ್ರಿಲ್ 2025

ನಾಗು,

ಓದಿ ಬೇಸರವಾಯಿತು. ನೀನು ಕೇಳಿದ್ದಕ್ಕೆ ಉತ್ತರ.

ನನ್ನ ಐಪೀಸಿನಲ್ಲಿ ನಾನೂರು ಮೀಟರ್ ದೂರಕ್ಕೆ ವೃತ್ತದ ಅಗಲ ಸುಮಾರು ಹನ್ನೆರಡು ಮೀಟರ್. ಇಡೀ ಕಲ್ಲು, ಅದರ ಸುತ್ತಲಿನವರು ಎಲ್ಲ ಹಿಡಿಸುತ್ತಾರೆ. ಹುಡುಕುವುದಕ್ಕೆ ಅದು. ನಾಲ್ಕು ಮಿಲಿಮೀಟರಿನದರಲ್ಲಿ ವೃತ್ತ ಒಂದೂಕಾಲು ಮೀಟರ್ ಅಷ್ಟೆ, ಆದರೆ ಅಲ್ಲಿರುವವರು ಎರಡು ಮೀಟರಿನ ಒಳಗೇ ನಿಂತಂತೆ ಕಾಣುತ್ತಾರೆ. ಕಾದ ಗಾಳಿಯ ನಡುಕ ಇರುತ್ತದೆ, ಬೆಳಗಿನ ತಂಪಿನಲ್ಲಿ ಕಡಿಮೆ. ಮುಖದ ಗುರುತು ಚೆನ್ನಾಗಿಯೇ ಸಿಗುತ್ತದೆ.

ಆನೆಯ ಮಾತು ಸುಳ್ಳು. ಒಂದೂಕಾಲು ಮೀಟರಿನಲ್ಲಿ ಆನೆಯ ತಲೆ ಹಿಡಿಸಬಹುದು, ಆನೆ ಹಿಡಿಸದು. ಒಬ್ಬ ಹೆಂಗಸು ಹಿಡಿಸುತ್ತಾಳೆ. ಮತ್ತೆ, ಎಡಕ್ಕಿರುವ ಕಂದಕ ಆ ವೃತ್ತದೊಳಗೆ ಬರುವುದೇ ಇಲ್ಲ. ಕಂದಕಕ್ಕೆ ಫೋಕಸ್ ಮಾಡಿದ್ದರೆ ಕಲ್ಲು ಮಸುಕಾಗಿರುತ್ತಿತ್ತು. ನೀನು ಮುಟ್ಟದೆ ನೋಡಿದಾಗ ಬಳೆಯ ಬಣ್ಣ ಕಂಡಿತು ಎಂದರೆ ಫೋಕಸ್ ಆ ಬಳೆಗೇ ಇತ್ತು.

ನನ್ನ ಮೇಲೆ ನಿನಗೆ ಸಿಟ್ಟಿದೆ ಎಂದು ಮೊದಲ ಸಾಲಿನಲ್ಲೇ ಗೊತ್ತಾಯಿತು. ಗಾಜಿಗೇನು ಗೊತ್ತು ನಾಗು? ಒಂದು ಮಾತು ಹೇಳಲೇ? ನೀನು ಯಳಂದೂರಿನಿಂದ ಹೋಗಿ ಅಲ್ಲಿ ಕೆಲಸಕ್ಕಿರುವವಳು, ಹೊರಗಿನವಳು. ಆ ಹೆಂಗಸರೇ ತೀರ್ಮಾನ ಮಾಡಲಿ, ನೀನು ಲೆಕ್ಕ ಮಾತ್ರ ಕೊಡು. ನಿನಗೇನೂ ಆಗಿಲ್ಲವಲ್ಲ, ಅದೇ ನನಗೆ ಸಮಾಧಾನ.

ರಂಜನಿ


ತೊರೆದೊಡ್ಡಿ
18 ಏಪ್ರಿಲ್ 2025

ರಂಜನಿ,

ಹಗಲಲ್ಲಿ ಅಭ್ಯಾಸ ಮಾಡಲಿ ಎಂಬ ನಿನ್ನ ಮಾರ್ಚಿನ ಪತ್ರ ಸಿಕ್ಕಿದ್ದು ನಾನು ತಾರಸಿ ಹತ್ತಿ ಇಳಿದ ಮೇಲೆ. ಈ ಪತ್ರ ಸಿಕ್ಕಿದ್ದು ಶಾಲೆಯ ಸಭೆ ಮುಗಿದ ಮೇಲೆ. ನಿನ್ನ ಮಾತು ಯಾವಾಗಲೂ ಆದ ಮೇಲೆ ಬರುತ್ತದೆ, ನಿನ್ನ ತಪ್ಪಲ್ಲ.

ಹೋದ ಪತ್ರದಲ್ಲಿ ಎರಡು ವಿಷಯ ಬರೆದಿರಲಿಲ್ಲ. ಮೊದಲನೆಯದು: ಆ ದಿನ ತಾರಸಿಯಲ್ಲಿ ನಾನೊಬ್ಬಳೇ ಇರಲಿಲ್ಲ. ನಾನು ಬಗ್ಗಿ ನಿಂತಿದ್ದಾಗಲೇ ಚನ್ನಮಲ್ಲಮ್ಮ ಮಂಡಿ ಹಿಡಿದುಕೊಂಡು ಹತ್ತಿ ಬಂದರು. “ಏನ್ ಕಾಣ್ತದೆ, ನಂಗೂ ತೋರ್ಸವ್ವ” ಎಂದು ಕಣ್ಣಿಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. ಮಗ ಬಂದು ಆನೆ ಎಂದಾಗ ಆಕೆ ತಿರುಗಿ, “ತಲೆಕೆಳಗಾಗಿ ಕಂಡ್ರೂ ಎಂಗ್ಸು ಯಾವ್ದು ಆನೆ ಯಾವ್ದು ಅಂತ ಗೊತ್ತಾಯ್ತದೆ ಕಣ್ಲಾ” ಎಂದರು. ಆ ಒಂದು ಮಾತು ಸಾಕು ಎಂದು ನಂಬಿ ನಾನು ಹೆಡ್ಮೇಷ್ಟ್ರಿಗೆ ದೂರು ಬರೆದುಕೊಟ್ಟೆ.

ಸಭೆ ನಡೆದದ್ದು ಬೇಸಿಗೆ ರಜೆಯ ಹಿಂದಿನ ದಿನ. ಚನ್ನಮಲ್ಲಮ್ಮನನ್ನೂ ಕರೆಸಿದ್ದರು. ಆಕೆ ಸೆರಗು ತಲೆಮೇಲೆ ಎಳೆದುಕೊಂಡು, “ನನ್ ಕಣ್ಗೆ ಪೊರೆ ಬಂದದೆ. ನಾನೇನೂ ನೋಡ್ನಿಲ್ಲ” ಎಂದರು. ನನ್ನ ಕಡೆ ತಿರುಗಲಿಲ್ಲ. ಕೆಂಪನಂಜಪ್ಪ, “ನೋಡಿ ಮಿಸ್, ನಮ್ಮ ಜನದವರಾಗಿ ನೀವೇ ಇಂಗೆ ಮಾಡುದ್ರೆ? ಆ ಎಂಗಸ್ರ ಮರ್ವಾದೇನೂ ಓಯ್ತದೆ” ಎಂದರು. ಆಮೇಲೆ ಏನು ತೀರ್ಮಾನ ಮಾಡಿದರು ಗೊತ್ತೆ? ಟೆಲಿಸ್ಕೋಪನ್ನು ಶಾಲೆಗೆ ವಾಪಸ್ ಕೊಡುವ ದಿನ ಗುರುಪ್ರಕಾಶನಿಗೆ ಶಾಲು ಹೊದಿಸುವುದೆಂದು. ಚಪ್ಪಾಳೆ ತಟ್ಟಿದರು. ಬೋಂಡಾ ಹಂಚಿದರು. ಎಣ್ಣೆ ಜಿನುಗುವ ಬೋಂಡಾ ಕೈಯಲ್ಲಿ ಹಿಡಿದು ಅಷ್ಟು ಗಂಡಸರು ನಗುತ್ತಿದ್ದರು. “ನಿಮಗೇನಾಗಿದೆ ಅಂತ ಇಷ್ಟು ಹಾರಾಡ್ತೀರಿ?” ಎಂದು ಒಬ್ಬ ಕೇಳಿದ. ನೀನು ಬರೆದದ್ದೂ ಅದನ್ನೇ.

ಎರಡನೆಯ ವಿಷಯ ಅದೇ. ನನ್ನ ಬಾಡಿಗೆ ಮನೆಯ ನಲ್ಲಿ ಫೆಬ್ರವರಿಯಲ್ಲೇ ಒಣಗಿತು. ಆಮೇಲಿನ ಭಾನುವಾರಗಳಲ್ಲಿ ಬಟ್ಟೆಯ ಗಂಟು ಹೊತ್ತು ಅದೇ ಕಲ್ಲಿಗೆ ಹೋದವಳು ನಾನು. ಅಲ್ಲೇ ಒಗೆದೆ, ಅಲ್ಲೇ ಮಿಂದೆ. ಆ ಹೆಂಗಸರ ಜೊತೆ ನಗುತ್ತಾ ಬೆನ್ನುಜ್ಜಿಸಿಕೊಂಡೆ. ಟೆಲಿಸ್ಕೋಪ್ ಆಗಲೇ ತಾರಸಿಯ ಮೇಲಿತ್ತು. ಪ್ರತಿ ಸೋಮವಾರ ದಾರಿಯಲ್ಲಿ ಸಿಕ್ಕಾಗ ಅವನು “ನಮಸ್ಕಾರ ಮಿಸ್” ಎನ್ನುತ್ತಿದ್ದ. ನಾನೂ ಕೈ ಮುಗಿಯುತ್ತಿದ್ದೆ. ನೀನು ಕಳಿಸಿದ ಗಾಜಿನಲ್ಲಿ ಹುಡುಕಿ ಅವನು ನನ್ನನ್ನು ಎರಡು ಮೀಟರಿಗೆ ತಂದುಕೊಂಡಿದ್ದ. ನಿನ್ನ ಲೆಕ್ಕ ಓದುವಾಗ ನನಗೆ ಇಷ್ಟೇ ಕಂಡದ್ದು. ಚೆನ್ನಾಗಿ ಬರೆದಿದ್ದೀಯ.

ಸಭೆಯಲ್ಲಿ ಇದನ್ನು ಹೇಳಲು ಬಾಯಿ ಬರಲಿಲ್ಲ. ಆ ಬೋಂಡಾ ತಿನ್ನುವ ಬಾಯಿಗಳ ಮುಂದೆ ಹೇಳಿದರೆ ಇನ್ನೊಮ್ಮೆ ಬತ್ತಲೆ ನಿಂತಂತೆ.

ವಿಷಯ ಊರಿಗೆಲ್ಲ ತಿಳಿದ ಮೇಲೆ ಕುಸುಮ ಇಷ್ಟು ದಿನ ನನ್ನ ಮುಖ ನೋಡುತ್ತಿರಲಿಲ್ಲ. ನಿನ್ನೆ ಅತ್ತೆಯ ಜೊತೆ ಮನೆಗೆ ಬಂದಳು. “ತ್ವಾಟದ್ ಕೂಲಿಗೆ ಓಗೋದ ಬುಟ್ಟೆ ಮಿಸ್ಸು. ನಾನು ಪೋಲೀಸ್ ಟೇಸನ್ಗೆ ಬತ್ತೀನಿ, ನನ್ನೆಸ್ರು ಬರೀಲಿ. ಆದ್ರೆ ನಾನೊಬ್ಳೇ ಯಾಕೆ? ನೀವೂ ನಮ್ಜೊತೆ ಮಿಂದೋರಲ್ವಾ? ನಿಮ್ಮೆಸ್ರ ಬರಿಸ್ತೀರಾ?” ಎಂದಳು. ದೊಡ್ಡಮಾದಮ್ಮ ಅವಳನ್ನು ಗದರಿಸಲಿಲ್ಲ, ನನ್ನನ್ನೇ ನೋಡುತ್ತಾ ಕೂತರು.

ನಾಳೆ ಬೆಳಿಗ್ಗೆಯ ಬಸ್ಸಿಗೆ ಮೂವರೂ ಹೋಗುತ್ತಿದ್ದೇವೆ.

ನಾಗಶ್ರೀ


ಲಡಾಖ್
4 ಮೇ 2025

ನಾಗು,

“ನಿನಗೇನೂ ಆಗಿಲ್ಲವಲ್ಲ” ಎಂದು ಬರೆದ ಕೈಯನ್ನು ಏನು ಮಾಡಲಿ? ನಾನು ಅಂಕಿಗಳನ್ನು ಸಂತೋಷದಿಂದ ಹಾಕಿದ್ದೆ ಕಣೇ. ಒಂದೂಕಾಲು ಮೀಟರ್ ಎಂದು ಬರೆಯುವಾಗ ಅದರೊಳಗೆ ಯಾರಾದರೂ ಇದ್ದಾರೆ ಎಂದೇ ನನಗೆ ಅನ್ನಿಸಲಿಲ್ಲ.

ಎರಡು ಐಪೀಸುಗಳಲ್ಲಿ ನಾನೂರು ಮೀಟರಿಗೆ ಏನು ಎಷ್ಟು ಕಾಣುತ್ತದೆ ಎಂದು ಬರೆದು ಸಹಿ ಮಾಡಿ ಇದರ ಜೊತೆ ಇಟ್ಟಿದ್ದೇನೆ. ಕೇಳಿದರೆ ರಜೆ ಹಾಕಿ ಬಂದು ಹೇಳುತ್ತೇನೆ. ಕಾಗದದಿಂದ ಆಗದು, ತಾರಸಿಯಿಂದಲೇ ನೋಡಬೇಕು ಎಂದು ಪೊಲೀಸರನ್ನು ಒತ್ತಾಯಿಸು.

ನಿನ್ನ ರಂಜು


ತೊರೆದೊಡ್ಡಿ
1 ಜೂನ್ 2025

ರಂಜು,

ಕೇಸು ಆಗಿದೆ. ಮೊದಲ ಹೆಸರು ಕುಸುಮನದು, ಎರಡನೆಯದು ನನ್ನದು. ಬರೆಸಿಕೊಂಡ ಎಸ್‌ಐ ಹೆಂಗಸು, ಚಿಕ್ಕ ವಯಸ್ಸು. ನಾನು ಹೇಳುವಾಗ ಪೆನ್ನು ನಿಲ್ಲಿಸಿ ಒಮ್ಮೆ ಕಿಟಕಿಯ ಆಚೆ ನೋಡಿದರು, ಅಷ್ಟೆ. ಗುರುಪ್ರಕಾಶನಿಗೆ ಜಾಮೀನು ಸಿಕ್ಕಿತು. ಬಂದ ದಿನ ಮಂಡಿಯಲ್ಲಿ ಹಾರ ಹಾಕಿದರಂತೆ. ಇನ್ನು ನನಗೆ ಅಚ್ಚರಿಯಾಗುವುದಿಲ್ಲ.

ಚನ್ನಮಲ್ಲಮ್ಮ ನನ್ನ ಮನೆಗೆ ಬಂದಿದ್ದರು, ಒಂದು ಚಿಪ್ಪು ಬಾಳೆಹಣ್ಣು, ರವಿಕೆ ಕಣ ಹಿಡಿದುಕೊಂಡು. “ನಾನೂ ಎಂಗ್ಸು ಕಣವ್ವ, ನಂಗೂ ಗೊತ್ತಾಯ್ತದೆ. ಆದ್ರೆ ಎತ್ತೊಟ್ಟೆ. ಕೇಸ ವಾಪಸ್ ತಕೋ” ಎಂದು ಅತ್ತರು. “ನೀವು ನೋಡಿದ್ದನ್ನು ಎಸ್‌ಐ ಮುಂದೆ ಹೇಳಿ, ಆಮೇಲೆ ಮಾತಾಡೋಣ” ಎಂದೆ. ಅಳು ಅಲ್ಲಿಗೇ ನಿಂತಿತು. ಕಣ ಎತ್ತಿಕೊಂಡು ಹೋದರು, ಹಣ್ಣು ಬಿಟ್ಟುಹೋದರು. ಯಾರೂ ಮುಟ್ಟಲಿಲ್ಲ. ಜಗಲಿಯ ಮೇಲೆ ಕೊಳೆತು ನೊಣ ಮುತ್ತಿದವು.

ನಿನ್ನೆ ಮಹಜರು ಆಯಿತು. ನೀನು ಹೇಳಿದಂತೆ ತಾರಸಿಯಿಂದಲೇ. ಪೊಲೀಸರು ಟೆಲಿಸ್ಕೋಪ್ ತಂದರು, ನಿನ್ನ ಐಪೀಸಿಗೂ ಚೀಟಿ ಅಂಟಿಸಿದ್ದಾರೆ. ಸಾಕ್ಷಿಗೆ ಕರೆಸಿದ ಪಂಚರಲ್ಲಿ ಕೆಂಪನಂಜಪ್ಪ ಒಬ್ಬರು. ಊರಿನ ಹೆಂಗಸರು ಹದಿನೈದು ಇಪ್ಪತ್ತು ಜನ ಕರೆಯದೆಯೇ ಬಂದು ಮೆಟ್ಟಿಲ ಮೇಲೆಲ್ಲ ಕೂತಿದ್ದರು. ಕಾಣುತ್ತದೋ ಇಲ್ಲವೋ ಎಂದು ಪರೀಕ್ಷೆ ಮಾಡಬೇಕಲ್ಲ, ಒಬ್ಬ ಕಾನ್‌ಸ್ಟೇಬಲ್, “ಯಾರಾದ್ರೂ ಎಂಗಸ್ರು ಒಬ್ರು ಓಗಿ ಆ ಕಲ್ಲಿನ್ ಮ್ಯಾಲೆ ನಿಂತ್ಕಳಿ, ನಾವ್ ಇಲ್ಲಿಂದ ನೋಡ್ತೀವಿ” ಎಂದ. ಅವನಿಗೆ ಅದರಲ್ಲಿ ಏನೂ ಅನ್ನಿಸಲಿಲ್ಲ ರಂಜು. ಕುಸುಮ ನನ್ನ ಮೊಣಕೈ ಹಿಡಿದುಕೊಂಡಳು.

“ಯಾವ ಹೆಂಗಸೂ ನಿಲ್ಲುವುದಿಲ್ಲ. ಗಂಡಸರು ನಿಲ್ಲಲಿ” ಎಂದೆ.

ಎಸ್‌ಐ ಸುತ್ತ ನೋಡಿದರು. “ಮೇಷ್ಟ್ರೇ, ನೀವೇ ಹೋಗಿ” ಎಂದರು.

“ನಾನಾ? ನಾನ್ಯಾಕ್ ಮೇಡಮ್, ನಾನು ಪಂಚ...”

“ಸುಮ್ಮನೆ ನಿಂತರಾಯಿತು. ಬಟ್ಟೆ ಹಾಕಿಕೊಂಡೇ ಇದ್ದೀರಲ್ಲ.”

ಕೆಂಪನಂಜಪ್ಪ ಕಾನ್‌ಸ್ಟೇಬಲ್ ಜೊತೆ ಗದ್ದೆಬದುವಿನ ಮೇಲೆ ನಡೆದು ಹೋದರು. ನಾನು ನಿನ್ನ ಐಪೀಸ್ ಹಾಕಿ ಕಲ್ಲು ಹುಡುಕಿದೆ, ನಡುವಿಗೆ ತಂದೆ, ಚಿಕ್ಕದು ಹಾಕಿದೆ. ಎಸ್‌ಐ ನೋಡಿ, “ಕನ್ನಡಕದ ಕಡ್ಡಿಗೆ ದಾರ ಸುತ್ತಿದ್ದಾರೆ” ಎಂದು ಬರೆಸಿದರು. ಆಮೇಲೆ, “ನೀವೂ ನೋಡಿ” ಎಂದು ಹೆಂಗಸರಿಗೆ ಹೇಳಿದರು. ಅದು ಮಹಜರಿಗೆ ಬೇಕಿತ್ತೋ ಇಲ್ಲವೋ ಗೊತ್ತಿಲ್ಲ.

ಒಬ್ಬೊಬ್ಬರಾಗಿ ಬಂದರು. ದೊಡ್ಡಮಾದಮ್ಮ ಕಣ್ಣಿಟ್ಟವರೇ, “ಅಯ್ಯೋ ಶಿವ್ನೇ, ಒಟ್ಟೆ ಮ್ಯಾಲಿನ್ ಗುಂಡಿ ಕಿತ್ತೋಗಿರೋದೂ ಕಾಣ್ತದಲ್ಲವ್ವ!” ಎಂದರು. ಯಾರೋ ನಕ್ಕರು. ಎಲ್ಲರೂ ನಕ್ಕರು. ಆ ನಗು ತೊರೆಯವರೆಗೂ ಹೋಗಿರಬೇಕು. ನಾನು ಬಗ್ಗಿ ನೋಡಿದಾಗ ಕೆಂಪನಂಜಪ್ಪ ತಾರಸಿಯ ಕಡೆಗೆ ಮುಖ ಎತ್ತಿದ್ದರು. ಅಲ್ಲಿಂದ ನಾವು ಅವರಿಗೆ ಚುಕ್ಕೆಗಳಷ್ಟೇ. ಯಾರು ನೋಡುತ್ತಿದ್ದಾರೆ, ಏನು ನೋಡುತ್ತಿದ್ದಾರೆ ಗೊತ್ತಾಗುವಂತಿಲ್ಲ. ಮೊದಲು ಅಂಗಿ ಕೆಳಕ್ಕೆ ಎಳೆದುಕೊಂಡರು. ಆಮೇಲೆ ಪಕ್ಕಕ್ಕೆ ತಿರುಗಿದರು. ಆಮೇಲೆ, ಪ್ಯಾಂಟು ಶರ್ಟು ತೊಟ್ಟ ಆ ಮನುಷ್ಯ, ಎರಡೂ ಕೈಗಳನ್ನು ಎದೆಯ ಮೇಲೆ ಅಡ್ಡ ಕಟ್ಟಿಕೊಂಡರು.

ನನಗೆ ಅಯ್ಯೋ ಅನ್ನಿಸಲಿಲ್ಲ. ಇನ್ನಷ್ಟು ಹೊತ್ತು ನಿಲ್ಲಲಿ ಅನ್ನಿಸಿತು. ಹೇಸಿಗೆ ಇನ್ನೂ ಹೋಗಿಲ್ಲ.

ಕೊನೆಗೆ ಕುಸುಮನ ಸರದಿ. ಅವಳು ಕಣ್ಣಿಟ್ಟು ಉಸಿರು ಬಿಡದೆ ನಿಂತಳು. ಹಿಂದಿನವರು, “ಏನ್ ಕಾಣ್ತದಮ್ಮಿ, ಏಳು” ಎಂದು ಚುಡಾಯಿಸಿದರು. ಅವಳು ತಟ್ಟನೆ ತಲೆ ತೆಗೆದು, ಕೊಳವೆಯ ಬಾಯಿಗೆ ಅಂಗೈ ಮುಚ್ಚಿದಳು.

“ಸಾಕು ಕಣ್ರಿ, ಬರೇಳಿ ಅವ್ರ್ನ” ಎಂದಳು. “ಅವ್ರಿಗೆ ನಾಚ್ಕೆ ಆಯ್ತಾ ಅದೆ.”

ನಾಗು